ನನ್ನ ಹೆಸರಿನಲ್ಲಿ ಆಡಿದವನು

ಚೌಡಾಪುರದಿಂದ ಗಾಣಗಾಪುರಕ್ಕೆ ಹೋಗುವ ರಸ್ತೆಯಲ್ಲಿ ಅವನು ತನ್ನ ಟಂಟಂ ಆಟೋ ನಿಲ್ಲಿಸಿದರೆ ಯಾರೂ ಗಾಬರಿಯಾಗುತ್ತಿರಲಿಲ್ಲ. ಪಕ್ಕದ ಹೊಲದಲ್ಲೋ ಶಾಲೆಯ ಬಯಲಲ್ಲೋ ಹುಡುಗರು ಕಬಡ್ಡಿ ಆಡುತ್ತಿದ್ದಾರೆ ಎಂದೇ ಅದರ ಅರ್ಥ. ಗಾಡಿ ಬಂದ್ ಮಾಡಿ, ಹ್ಯಾಂಡಲ್ ಮೇಲೆ ಎರಡೂ ಕೈ ಇಟ್ಟು, ಅದರ ಮೇಲೆ ಗದ್ದ ಊರಿ ನೋಡುತ್ತ ಕೂತುಬಿಡುತ್ತಿದ್ದ. ದತ್ತನ ದರ್ಶನಕ್ಕೆಂದು ದೂರದಿಂದ ಬಂದವರು ಹಿಂದಿನ ಸೀಟಿನಲ್ಲಿ ಗೊಣಗುತ್ತಿದ್ದರು. ಅವನ ಉತ್ತರ ಯಾವಾಗಲೂ ಒಂದೇ: "ಒಂದ ರೇಡ್ ರೀ, ಒಂದೇ ರೇಡ್. ದೇವ್ರು ಎಲ್ಲಿ ಓಡಿ ಹೋಗ್ತಾನ?"

ಹೋದ ವರ್ಷ ಒಂದು ಬೆಳಗ್ಗೆ ಹಾಗೆಯೇ ನಿಲ್ಲಿಸಿದ. ಬಯಲಲ್ಲಿ ಹುಡುಗರು ಆಡುತ್ತಿದ್ದರು. ಒಳಗೆ ಕೂತವರೆಲ್ಲ ಅವನ ಗುಣ ಬಲ್ಲ ಊರ ಮಂದಿಯೇ. ಒಂದು ರೇಡ್ ಮುಗಿಯಿತು, ಎರಡು ಮುಗಿಯಿತು, ಹತ್ತು ದಾಟಿತು. "ಇವತ್ತು ಆಟ ಭಾಳ ರಂಗಿಗೆ ಬಂದದ ಅಂತ ತೋರ್ತದ" ಎಂದು ಒಬ್ಬರು ನಕ್ಕರಂತೆ. ಕೊನೆಗೆ ಒಬ್ಬ ಮುದುಕಿ ಬೆನ್ನು ತಟ್ಟಿ "ಸಾಕು ನಡೀಯಪ್ಪಾ, ಬಿಸಿಲೇರಾಕತ್ತದ" ಅಂದಾಗ ಅವನ ಕೈ ಹ್ಯಾಂಡಲಿನಿಂದ ಜಾರಿತು. ಹತ್ತು ನಿಮಿಷ ಅವರು ಸತ್ತವನ ಬೆನ್ನ ಹಿಂದೆ ಆಟ ಮುಗಿಯಲೆಂದು ಕಾಯುತ್ತ ಕೂತಿದ್ದರು. ಮೊದಲೇ ಗೊತ್ತಾಗಿ ಆಸ್ಪತ್ರೆಗೆ ಒಯ್ದಿದ್ದರೆ ಏನಾಗುತ್ತಿತ್ತೋ, ಯಾರೂ ಹೇಳಲಾರರು.

ಅವರ ತಪ್ಪು ಕ್ಷಮಿಸುವಂಥದ್ದು. ನನ್ನದು ಅಲ್ಲ. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಚೌಡಾಪುರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಮಾಸ್ತರ. ಹುಟ್ಟೂರು ಆಳಂದ ತಾಲ್ಲೂಕಿನ ಹಿರೋಳ್ಳಿಯ ಕಡೆ. ಇನ್ನೆರಡು ವರ್ಷಕ್ಕೆ ನಿವೃತ್ತಿ. ಈ ಭಾಗದಲ್ಲಿ ಕಬಡ್ಡಿ ಬಲ್ಲವರಿಗೆ ನಾನು ಗೊತ್ತು. ಮಾಸ್ತರನೆಂದಲ್ಲ, ಆಳಂದದ ಆ ಫೈನಲ್ಲಿನ ಕೊನೆಯ ರೇಡ್ ಮಾಡಿದವನೆಂದು.

ಚೌಡಾಪುರದ ಕ್ರಾಸಿನಲ್ಲಿ ಗುರಪ್ಪ ಕಾಕಾನ ಚಹಾದ ಅಂಗಡಿಯಿದೆ. ಕಬಡ್ಡಿ ಹುಚ್ಚರ ಕಟ್ಟೆ ಅದು. ಆಡುವ ವಯಸ್ಸು ದಾಟಿದವರು, ಎಂದೂ ಆಡದವರು, ಆಡಿದ್ದೇವೆಂದು ಸುಳ್ಳು ಹೇಳುವವರು, ಮೂರೂ ಬಗೆಯವರು ಅಲ್ಲಿ ಸೇರುತ್ತಾರೆ. ಅವರಿಗೆ ಇರುವುದು ಎರಡೇ ವಿಷಯ. ಒಂದು, ಯಾವ ಊರಿನ ಪಂದ್ಯದಲ್ಲಿ ಯಾರು ಎಂಥ ಆಟ ಆಡಿದರು ಎಂಬುದು. ಇನ್ನೊಂದು, ಯಾವ ಆಟಗಾರ ಎಷ್ಟು ಸೋವಿಗೆ ಸಿಕ್ಕ ಎಂಬುದು. ಪಂದ್ಯದ ಹೊತ್ತಿಗೆ ಊರೂರ ತಂಡಗಳು ಹೊರಗಿನ ಆಟಗಾರರನ್ನು ಕರೆತರುವುದು ನಮ್ಮ ಕಡೆ ಹಳೆಯ ರೂಢಿ. ಹೆಸರು ಮಾಡಿದವನನ್ನು ತಂದು ಗೆದ್ದರೆ ಅದರಲ್ಲೇನು ಮಜಾ? ಯಾರೂ ಕೇಳದವನನ್ನು ಯಾವುದೋ ಮೂಲೆಯಿಂದ ಹುಡುಕಿ, ಪುಕ್ಕಟೆ ಅನ್ನುವಷ್ಟಕ್ಕೆ ತಂದು ಗೆದ್ದರೆ ಅದು ಮೂವತ್ತು ವರ್ಷ ಹೇಳಿಕೊಳ್ಳುವ ಮಾತು.

ಜೇವರ್ಗಿಯ ಒಬ್ಬ ಕುಳ್ಳನನ್ನು ಒಂದು ಜೋಡಿ ಚಪ್ಪಲಿಗೆ ತಂದ ಕಥೆ ಅಲ್ಲಿ ವಾರಕ್ಕೊಮ್ಮೆಯಾದರೂ ಆಗಬೇಕು. ಎತ್ತರ ಸಾಲದೆಂದು ಎಲ್ಲರೂ ಬಿಟ್ಟವನು ಆತ. "ಉಳಿದವರು ಕಾಲು ಹಿಡಿಬೇಕಂದ್ರ ಬಗ್ಗಬೇಕ್ರಿ. ಅವ ಮೊದಲೇ ಅಲ್ಲೇ ಇದ್ದ!" ಎಂದು ಗುರಪ್ಪ ಕಾಕಾ ಹೇಳಿದಾಗೆಲ್ಲ ಎಲ್ಲರೂ ಮೊದಲ ಸಲ ಕೇಳಿದವರಂತೆ ನಗುತ್ತಾರೆ. ಕಡಗಂಚಿಯ ಇನ್ನೊಬ್ಬನನ್ನು ಎಣ್ಣೆಗಾಯಿ, ಸಜ್ಜಿ ರೊಟ್ಟಿಯ ಊಟಕ್ಕೆ ಕರೆದಿದ್ದರು. ಅವನು ಪಂದ್ಯ ಗೆಲ್ಲಿಸಿದ್ದಷ್ಟೇ ಅಲ್ಲ, ಅಡುಗೆ ಮಾಡಿದ ಮನೆಯ ಅಳಿಯನೂ ಆದ. "ಸೋವಿ ಅಂತ ತಂದ್ರು, ಹೆಣ್ಣು ಕೊಟ್ಟು ಕಳಿಸಿದ್ರು" ಎಂದು ಅದಕ್ಕೊಂದು ಒಗ್ಗರಣೆ.

ಈ ಕಟ್ಟೆಗೆ ನಮ್ಮ ಟಂಟಂನವನೇ ಮುಖ್ಯ ಪುರಾಣಿಕ. ಅವನು ಹೇಳಲು ಶುರು ಮಾಡಿದರೆ ಉಳಿದವರು ಬಾಯಿ ಮುಚ್ಚುತ್ತಿದ್ದರು. ಖಾಲಿ ಚಹಾದ ಲೋಟಗಳನ್ನು ಬೆಂಚಿನ ಮೇಲೆ ಏಳು ಏಳಾಗಿ ಇಡುತ್ತಿದ್ದ. ಬೆರಳು ನೀರಿಗೆ ಅದ್ದಿ ನಡುವೆ ಗೆರೆ ಎಳೆಯುತ್ತಿದ್ದ. ರೇಡರ್ ಅಂದರೆ ಒಂದು ಬೆಲ್ಲದ ಚೂರು. ಅದನ್ನು ಎರಡು ಬೆರಳಲ್ಲಿ ಹಿಡಿದು ಲೋಟಗಳ ನಡುವೆ ನುಗ್ಗಿಸುತ್ತ, ಉಸಿರು ಬಿಡದೆ "ಕಬಡ್ಡಿ ಕಬಡ್ಡಿ" ಎಂದು ಸಣ್ಣ ದನಿಯಲ್ಲಿ ಹೇಳುತ್ತ, ಆ ರೇಡು ಮೈದಾನದಲ್ಲಿ ಎಷ್ಟು ಹೊತ್ತು ನಡೆದಿತ್ತೋ ಅಷ್ಟೇ ಹೊತ್ತು ನಡೆಸುತ್ತಿದ್ದ. ರೇಡರ್ ಸಿಕ್ಕಿಬಿದ್ದರೆ ಬೆಲ್ಲ ಅವನ ಬಾಯಿಗೆ. ಗೆರೆ ಮುಟ್ಟಿದರೆ ಆ ಬೆಲ್ಲ ಕೇಳುವವರಲ್ಲಿ ಒಬ್ಬರಿಗೆ. ಅದೇನು ಕಾರಣವೋ, ಹೆಚ್ಚು ಸಲ ಅದು ನನ್ನ ಕೈಗೇ ಬರುತ್ತಿತ್ತು.

ಆಟಗಾರರನ್ನು ಅವನು ಅಳೆಯುವ ರೀತಿಯೂ ಬೇರೆ. "ಮಾರಿ ನೋಡಬ್ಯಾಡ್ರಿ, ತೋಳು ನೋಡಬ್ಯಾಡ್ರಿ, ಹಿಮ್ಮಡಿ ನೋಡ್ರಿ" ಅನ್ನುತ್ತಿದ್ದ. "ಹಿಮ್ಮಡಿ ನೆಲಕ್ಕ ಹತ್ತಲಾರದಂಗ ನಿಂತಂವ ಎಂದಿದ್ರೂ ಗೆರಿಗೆ ಬರ್ತಾನ." ನನ್ನ ಶಾಲೆಯ ಹುಡುಗಿಯರ ತಂಡ ಈ ಭಾಗದಲ್ಲಿ ನಾಲ್ಕಾರು ವರ್ಷ ಯಾರಿಗೂ ಸೋಲಲಿಲ್ಲ. ಆ ತಂಡದ ಅರ್ಧ ಹುಡುಗಿಯರು ಅವನು ಟಂಟಂನಲ್ಲಿ ಕೂತಲ್ಲೇ ಹುಡುಕಿದವರು. ಒಬ್ಬಳು ಗಾಡಿ ಪೂರ್ತಿ ನಿಲ್ಲುವ ಮೊದಲೇ ಜಿಗಿದಿಳಿಯುತ್ತಿದ್ದಳು. ಇನ್ನೊಬ್ಬಳು ನೂಕುನುಗ್ಗಲಿನಲ್ಲಿ ಯಾರ ಮೈಗೂ ತಾಗದೆ ಒಳಗೆ ಬಂದು ಕೂರುತ್ತಿದ್ದಳು. ಸಂಜೆ ಬಂದು ನನಗೆ ವರದಿ ಒಪ್ಪಿಸುತ್ತಿದ್ದ: "ಸರ, ನೀಲಿ ರಿಬ್ಬನ್ನಿನಾಕಿ. ಸೋವಿಯೊಳಗ ಸಿಕ್ಕಾಳ, ಬಿಡಬ್ಯಾಡ್ರಿ." ಬಹುಮಾನ ಬಂದಾಗ ಶಾಲೆಯವರು ಶಾಲು ಹೊದಿಸಿದ್ದು ನನಗೆ.

ಇಷ್ಟೆಲ್ಲ ಬಲ್ಲವನು ತನ್ನ ಆಟದ ಮಾತು ಮಾತ್ರ ಎತ್ತುತ್ತಿರಲಿಲ್ಲ. ಗುರಪ್ಪ ಕಾಕಾ ಒಮ್ಮೆ ನೇರವಾಗಿಯೇ ಕೇಳಿದ, "ಲೇ, ನೀ ಎಂದಾದ್ರೂ ಅಂಕಣಕ್ಕ ಇಳದೀಯೇನು?" ಅವನು ನಕ್ಕು, "ಇಲ್ರಿ ಕಾಕಾ, ನಾವು ನೋಡೋ ಮಂದಿ" ಅಂದ. ಲೋಟ ಹಿಡಿದ ಅವನ ಎಡಗೈಯ ಕಿರುಬೆರಳು ಅಡ್ಡಕ್ಕೆ ಬಾಗಿ ನಿಂತಿರುತ್ತಿತ್ತು. ಅದಕ್ಕೆ ಏನಾಯಿತೆಂದು ಕೇಳಿದವರಿಗೆ ಟ್ರ್ಯಾಕ್ಟರಿನ ಹಿಂದಿನ ಬಾಗಿಲಿಗೆ ಸಿಕ್ಕು ಮುರಿಯಿತು ಅನ್ನುತ್ತಿದ್ದ. ಆಗ ನಾನು ಎಲ್ಲಿ ನೋಡುತ್ತಿದ್ದೆನೆಂದು ಕೇಳಬೇಡಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅನ್ನುತ್ತಾರಲ್ಲ, ನಾನು ನನ್ನ ಬೆರಳನ್ನು ಮುಚ್ಚಿಕೊಳ್ಳುತ್ತಿದ್ದೆ.

ಇನ್ನು ಖರೇ ಸಂಗತಿಗೆ ಬರುತ್ತೇನೆ.

ನಾನು ಇಪ್ಪತ್ತರ ಆಸುಪಾಸಿನಲ್ಲಿದ್ದಾಗ ನಮ್ಮೂರ ತಂಡ ಆಳಂದದ ಪಂದ್ಯಾವಳಿಯಲ್ಲಿ ಫೈನಲ್ಲಿಗೆ ಬಂತು. ಹಳ್ಳಿ ಹಳ್ಳಿಗಳ ನಡುವಿನ ಪಂದ್ಯ ಅದು. ಬೇರೆ ಪಂದ್ಯಗಳಂತಲ್ಲ, ಆಯಾ ಊರಿನವರೇ ಆಡಬೇಕು, ಹನ್ನೆರಡು ಹೆಸರಿನ ಪಟ್ಟಿ ಮೊದಲೇ ಕೊಡಬೇಕು, ಆಮೇಲೆ ಒಂದು ಹೆಸರೂ ಬದಲಾಗುವಂತಿಲ್ಲ ಎಂಬುದು ನಿಯಮ. ಆ ಪಟ್ಟಿಯ ಹನ್ನೆರಡನೆಯ ಹೆಸರು ನನ್ನದು. ನೀರು ಕೊಡುವುದು, ಟಾವೆಲ್ ಹಿಡಿಯುವುದು ನನ್ನ ಕೆಲಸ. ಆಟ ಬರುತ್ತಿರಲಿಲ್ಲವೆಂದಲ್ಲ, ಆದರೆ ಯಾರಾದರೂ ಮೈಮೇಲೆ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಫೈನಲ್ಲಿನ ಹಿಂದಿನ ದಿನ ನಮ್ಮ ಮುಖ್ಯ ರೇಡರ್ ಜ್ವರ ಹಿಡಿದು ಮಲಗಿದ. ಕ್ಯಾಪ್ಟನ್ ತಲೆ ಮೇಲೆ ಕೈ ಹೊತ್ತ. ಆಗ ತೊಗರಿ ರಾಶಿಯ ಕಾಲ. ರಾಶಿ ಮಾಡಲು ಜೇವರ್ಗಿ ಕಡೆಯಿಂದ ಕೂಲಿಯವರು ನಮ್ಮೂರಿಗೆ ಬಂದಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಅವರದೊಂದು ಆಟ. ಒಬ್ಬ ಹುಡುಗ ಕೈಯಲ್ಲಿ ಬೆಲ್ಲದ ಹೆಂಟೆ ಹಿಡಿದು ಕಣದಲ್ಲಿ ನಿಲ್ಲಬೇಕು, ಮೂವರು ಅದನ್ನು ಕಸಿದುಕೊಳ್ಳಬೇಕು. ಆ ದಿನ ಆ ಮೂವರಿಗೆ ಬೆಲ್ಲ ಸಿಗಲಿಲ್ಲ. ನಿಂತು ನೋಡಿದ ಕ್ಯಾಪ್ಟನ್ ಆ ಹುಡುಗನನ್ನು ಸೀದಾ ನನ್ನ ಮುಂದೆ ತಂದು ನಿಲ್ಲಿಸಿದ. "ನಾಳೆ ಇವ ನೀನು" ಅಂದ.

ಒಂದು ಹೊತ್ತಿನ ಊಟ, ನನ್ನ ಬನಿಯನ್, ನನ್ನ ಹೆಸರು. ಇಷ್ಟಕ್ಕೆ ಅವನು ಸಿಕ್ಕಿದ್ದು. ಗುರಪ್ಪ ಕಾಕಾನ ಕಟ್ಟೆಯಲ್ಲಿ ಎಂದೂ ಹೇಳದೆ ಉಳಿದ ಅತಿ ಸೋವಿ ವ್ಯಾಪಾರ ಅದು. ದಾರಿಯುದ್ದಕ್ಕೂ ಅವನು ನನ್ನ ಹೆಸರನ್ನು, ನನ್ನ ಅಪ್ಪನ ಹೆಸರನ್ನು, ಮನೆತನದ ಹೆಸರನ್ನು ಬಾಯಿಪಾಠ ಮಾಡುತ್ತ ಬಂದ. ಯಾರಾದರೂ ಕೇಳಿದರೆ ತಪ್ಪಬಾರದಲ್ಲ.

ಮೈದಾನದಲ್ಲಿ ನಾನು ತಲೆಗೆ ಟಾವೆಲ್ ಸುತ್ತಿಕೊಂಡು ಜನರ ಹಿಂದೆ ನಿಂತಿದ್ದೆ. ಮುಖ ತೋರಿಸಬೇಡವೆಂದು ಕ್ಯಾಪ್ಟನ್ನನ ಆಜ್ಞೆ. ಕೊನೆಯ ರೇಡಿನ ಹೊತ್ತಿಗೆ ನಾವು ಎರಡು ಅಂಕ ಹಿಂದೆ. ಅವನು ಒಳಗೆ ಹೋದ. ಕಾಲಿನ ತುದಿಯಿಂದ ಒಬ್ಬನನ್ನು ಮುಟ್ಟಿದ್ದು ಕಾಣಿಸಿತು. ತಿರುಗುವಷ್ಟರಲ್ಲಿ ಬೇರೆ ಮೂವರು ಮೇಲೆ ಬಿದ್ದರು. ಒಬ್ಬ ಸೊಂಟಕ್ಕೆ, ಇಬ್ಬರು ತೊಡೆಗೆ. ಮುಗಿಯಿತೆಂದು ನಾನು ಎಂದಿನಂತೆ ಕಣ್ಣು ಮುಚ್ಚಿದೆ. ತೆರೆದಾಗ ಅವನು ಆ ಮೂವರನ್ನೂ ಮೈಮೇಲೆ ಹೊತ್ತು ಮೊಣಕೈಯ ಮೇಲೆ ತೆವಳುತ್ತಿದ್ದ. ಬಾಯಲ್ಲಿ ಇನ್ನೂ "ಕಬಡ್ಡಿ" ನಿಂತಿರಲಿಲ್ಲ. ಎಡಗೈ ಚಾಚಿದ. ಸಾಲಲಿಲ್ಲ. ಇನ್ನೂ ಚಾಚಿದ. ಕಿರುಬೆರಳೊಂದು ಗೆರೆಯ ಮೇಲಿತ್ತು. ಅದೇ ಹೊತ್ತಿಗೆ ಯಾರದೋ ಮೊಣಕಾಲು ಆ ಬೆರಳ ಮೇಲೆ ಬಿತ್ತು.

ಒಂದೇ ರೇಡಿಗೆ ನಾಲ್ಕು ಅಂಕ. ಮೈಕಿನವನು ನನ್ನ ಹೆಸರು ಕೂಗಿದ. ಕೂಗಿದ್ದೇ ಕೂಗಿದ್ದು. ಬಯಲು ತುಂಬ ನಿಂತಿದ್ದ ಜನ ಅದನ್ನೇ ತಿರುಗಿಸಿ ಕೂಗಿದರು. ನನ್ನ ಹೆಸರು ಅಷ್ಟು ಚಂದ ಕೇಳಿಸಿದ್ದು ಅದೇ ಮೊದಲು. ಟಾವೆಲ್ಲಿನ ಒಳಗೆ ನಾನು ಅತ್ತೆ. ಖುಷಿಗೆ ಅತ್ತೆನೆಂದು ಹೇಳಿಕೊಳ್ಳಲೂ ಈಗ ನಾಚಿಕೆ.

ಉತ್ತಮ ಆಟಗಾರನ ಪ್ರಶಸ್ತಿಪತ್ರ ತೆಗೆದುಕೊಳ್ಳಲು ಅವನೇ ವೇದಿಕೆ ಹತ್ತಿದ. ಮುರಿದ ಬೆರಳಿಗೆ ಚಿಂದಿ ಕಟ್ಟಿತ್ತು. ಕೆಳಗಿಳಿದು ಬಂದವನೇ ಆ ಪತ್ರವನ್ನು ನನ್ನ ಕೈಗಿಟ್ಟ. "ತಗೋರಿ ನಿಮ್ಮ ಹೆಸರು. ಕಡ ತಗೊಂಡಿದ್ದೆ" ಅಂದ. ಬನಿಯನ್ನೂ ಬಿಚ್ಚಿ ಕೊಟ್ಟ. ಮರುದಿನ ರಾಶಿ ಮುಗಿದು ಅವರ ಟ್ರ್ಯಾಕ್ಟರ್ ಹೊರಟುಹೋಯಿತು. ಗುಟ್ಟು ಹೊರಬಿದ್ದರೆ ಗೆದ್ದ ಕಪ್ ಕಸಿದುಕೊಂಡಾರೆಂದು ಊರು ಬಾಯಿ ಮುಚ್ಚಿಕೊಂಡಿತು. ಬರಬರುತ್ತ ಅದೇ ರೂಢಿಯಾಯಿತು. ತಂಡದವರು ಕೆಲಸಕ್ಕೆಂದು ಸೊಲ್ಲಾಪುರ, ಪುಣೆ ಸೇರಿದರು. ಕ್ಯಾಪ್ಟನ್ ತೀರಿಕೊಂಡ. ಮಾತು ಮುಗಿಯಿತೆಂದುಕೊಂಡೆ.

ದೈಹಿಕ ಶಿಕ್ಷಣದ ತರಬೇತಿಗೆ ಸಂದರ್ಶನ ನಡೆದಾಗ ಆಟದ ಪ್ರಮಾಣಪತ್ರ ಕೇಳಿದರು. ನನ್ನ ಬಳಿ ಇದ್ದದ್ದು ಅದೊಂದೇ. ತೋರಿಸಿದೆ. ಸೀಟು ಸಿಕ್ಕಿತು, ಆಮೇಲೆ ನೌಕರಿ, ಮನೆ, ಮದುವೆ. ನನ್ನ ಸಂಸಾರ ಪೂರ್ತಿ ಇನ್ನೊಬ್ಬನ ಕಿರುಬೆರಳಿನ ಮೇಲೆ ನಿಂತಿದೆ.

ವರ್ಗವಾಗಿ ಚೌಡಾಪುರಕ್ಕೆ ಬಂದ ಮೊದಲ ದಿನ ಬಸ್ಸಿಳಿದು ಟಂಟಂ ಕೇಳಿದರೆ, ಹತ್ತಿರ ಬಂದವನು ಅವನು. ಹೆಂಡತಿಯ ಊರೆಂದು ಅಲ್ಲಿಗೆ ಬಂದು ನೆಲೆ ನಿಂತಿದ್ದ. ನಾನು ಬೆರಳಿನಿಂದ ಗುರುತಿಸಿದೆ. ಅವನು ಮುಖ ನೋಡಿದ್ದೇ ಗುರುತಿಸಿದ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವನು ಮಾತ್ರ ಸೀಟಿನ ಧೂಳು ಒರೆಸಿ, ನನ್ನ ಚೀಲ ಎತ್ತಿಟ್ಟು, ನೇರ ಗುರಪ್ಪ ಕಾಕಾನ ಅಂಗಡಿ ಮುಂದೆ ನಿಲ್ಲಿಸಿದ. "ಕಾಕಾ, ಇವರು ಯಾರು ಗೊತ್ತೇನು? ಆಳಂದದ ಫೈನಲ್ ಆಡಿದವರು. ಕೊನೀ ರೇಡ್!" ಗುರಪ್ಪ ಕಾಕಾ ಆ ದಿನ ದೂರದಲ್ಲಿ ಟ್ರೇಲರ್ ಮೇಲೆ ನಿಂತು ಆ ರೇಡ್ ನೋಡಿದ್ದನಂತೆ. ಧೂಳಿನಲ್ಲಿ ಮುಖ ಕಂಡಿರಲಿಲ್ಲ, ಮೈಕಿನಲ್ಲಿ ಹೆಸರು ಕೇಳಿತ್ತು. ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ. ಇಲ್ಲ ಅನ್ನಲು ನನಗೆ ಅದು ಮೊದಲ ಅವಕಾಶ. ಚಹಾ ಕುಡಿದೆ.

ಅಂದಿನಿಂದ ಆ ರೇಡನ್ನು ಲೋಟಗಳಿಂದ ಆಡಿ ತೋರಿಸುವವನು ಅವನೇ ಆದ. ನನಗೆ ನೆನಪಿರಲಿಲ್ಲವಲ್ಲ, ಕಣ್ಣು ಮುಚ್ಚಿದ್ದೆ. ಕೇಳಿದವರಿಗೆ "ಸರ್ರು ತಾವ ಹೇಳಂಗಿಲ್ಲ, ನಾಚ್ತಾರ" ಅನ್ನುತ್ತಿದ್ದ. ಬೆಲ್ಲ ಗೆರೆ ಮುಟ್ಟುತ್ತಿತ್ತು. ಅದನ್ನು ನನ್ನ ಕೈಗಿಡುತ್ತಿದ್ದ. ನಾನು ತಿನ್ನುತ್ತಿದ್ದೆ.

ಅವನಿಗೆ ಒಬ್ಬಳೇ ಮಗಳು. ನಮ್ಮ ಶಾಲೆಯಲ್ಲಿ ಓದುತ್ತಿದ್ದಳು, ನನ್ನ ತಂಡದಲ್ಲಿ ಆಡುತ್ತಿದ್ದಳು. ಅವಳ ಹಿಮ್ಮಡಿಗಳು ನೆಲಕ್ಕೆ ಹತ್ತುತ್ತಿರಲಿಲ್ಲ. ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಅಫಜಲಪುರದಲ್ಲಿ ಗೆದ್ದು ಬಂದ ಸಂಜೆ ಎಲ್ಲರಿಗೂ ಚಹಾ ಕೊಡಿಸಲೆಂದು ಕಟ್ಟೆಗೆ ಕರೆತಂದೆ. ಅವನೂ ಇದ್ದ, ಗುರಪ್ಪ ಕಾಕಾ ಇದ್ದ, ಕಟ್ಟೆ ತುಂಬಿತ್ತು. ಹುಡುಗಿಯರು ಅವಳನ್ನು ಚೇಷ್ಟೆ ಮಾಡುತ್ತಿದ್ದರು, ನಿಮ್ಮಪ್ಪ ಬರೀ ಮಂದಿ ಆಟ ಹೇಳುವವ ಎಂದು. ಅವಳಿಗೆ ಸಿಟ್ಟು ಬಂತು.

"ನಮ್ಮಪ್ಪನೂ ಆಡ್ಯಾನ" ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಸರ, ನಿಮಗ ಗೊತ್ತದ. ಹೇಳ್ರಿ. ನಮ್ಮಪ್ಪ ಆಡ್ತಿದ್ದಿಲ್ಲೇನ್ರಿ?"

ಅವಳ ಕಣ್ಣಿನಲ್ಲಿದ್ದ ನಂಬಿಕೆ ನೋಡಿದೆ. ಮನೆಯಲ್ಲಿ ಅವಳೊಬ್ಬಳಿಗೆ ಹೇಳಿದ್ದಾನೆಂದು ತಿಳಿಯಿತು. ಎಷ್ಟು ಹೇಳಿದ್ದಾನೋ ತಿಳಿಯಲಿಲ್ಲ. ಅವನ ಕಡೆ ನೋಡಿದೆ. ಅವನು ಲೋಟದೊಳಗೆ ನೋಡುತ್ತಿದ್ದ. "ಆಡಿದ್ದ" ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಯಾವ ಪಂದ್ಯ, ಯಾವ ಊರು ಎಂದು ಯಾರೂ ಕೇಳುತ್ತಿರಲಿಲ್ಲ. ಆದರೆ ಹೆದರಿದವನಿಗೆ ಅಷ್ಟು ಲೆಕ್ಕ ಎಲ್ಲಿ ಹೊಳೆಯುತ್ತದೆ?

"ಆಡ್ತಿದ್ದ, ಆಡ್ತಿದ್ದ. ಬಾಯಿಲೆ ಆಡ್ತಿದ್ದ!" ಅಂದೆ.

ಕಟ್ಟೆಗೆ ಕಟ್ಟೆಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ. "ಸರ್ರು ಖರೇ ಹೇಳ್ಯಾರ" ಎಂದು ತೊಡೆ ತಟ್ಟಿಕೊಂಡ. ಮಗಳು ನಗಲಿಲ್ಲ. ಚಹಾ ಹಾಗೆಯೇ ಬಿಟ್ಟು ಎದ್ದಳು. ಆಮೇಲೆ ಅವಳು ಶಾಲೆಗೆ ಅಪ್ಪನ ಟಂಟಂನಲ್ಲಿ ಬರುವುದನ್ನು ಬಿಟ್ಟು ಬಸ್ಸಿಗೆ ಬರತೊಡಗಿದಳು. ನಾನು ಅದನ್ನು ನೋಡಿದೆ, ನೋಡದವನಂತೆ ಹಾಜರಿ ಕರೆದೆ.

ಮರುದಿನ ಅವನು ಒಬ್ಬನೇ ಇದ್ದಾಗ ಹಿಡಿದು ಮಾತಾಡಲು ಹೋದೆ. ಅವನೇ ಕಿಕ್ ಹೊಡೆಯುವುದನ್ನು ನಿಲ್ಲಿಸಿ ಹೇಳಿದ, "ಬಿಡ್ರಿ ಸರ. ಹೆಸರು ಕಡ ತಗೊಂಡು ಆಡಿದವ ನಾನು. ನೀವು ಕೊಡಲಿಲ್ಲಂದ್ರ ಆ ಅಂಕಣದಾಗ ನನಗ ಯಾರು ಕಾಲಿಡಾಕ ಬಿಡ್ತಿದ್ರು? ಆಟ ನಾ ಉಂಡೀನಿ. ಹೆಸರು ನಿಮಗ ಮುಟ್ಟ್ಯದ. ಲೆಕ್ಕ ಬರೋಬ್ಬರಿ." ಆಮೇಲೆ ಮತ್ತೆ ಕಿಕ್ ಮೇಲೆ ಕಾಲಿಟ್ಟು, "ಆಕಿ ಮುಂದ ಒಮ್ಮಿ ಬಾಯಿ ಜಾರಿತು. ಅದು ನಂದೇ ತಪ್ಪು" ಅಂದ.

ಅವನು ನನ್ನ ಕ್ಷಮೆ ಕೇಳುತ್ತಿದ್ದ. ನಾನು ಕ್ಷಮಿಸಿದವನಂತೆ ತಲೆಯಾಡಿಸಿ ಶಾಲೆಗೆ ಹೋದೆ.

ಇದೆಲ್ಲ ಆದ ಆರು ವರ್ಷಕ್ಕೆ ಅವನು ತೀರಿಕೊಂಡ. ಹೋದ ವರ್ಷ ಅವನನ್ನು ಮಣ್ಣು ಮಾಡಿ ಬಂದು ಅವನ ಮನೆಯ ಮುಂದೆ ಕೂತಿದ್ದೆವು. ಮಧ್ಯಾಹ್ನದ ಬಿಸಿಲು. ಅಳುವುದು ಮುಗಿದು ಜನ ಮೆಲ್ಲಗೆ ಅವನು ಹೇಳುತ್ತಿದ್ದ ಆಟಗಳ ಮಾತಿಗೆ ತಿರುಗಿದ್ದರು. ಗುರಪ್ಪ ಕಾಕಾ ನನ್ನ ತೊಡೆ ಮೇಲೆ ಕೈ ಇಟ್ಟು, "ಸರ, ಅವಗ ನಿಮ್ಮ ಆ ರೇಡ್ ಅಂದ್ರ ಪ್ರಾಣ ಇತ್ತು. ಇವತ್ತೊಂದಿನ ನಿಮ್ಮ ಬಾಯಿಲೆ ಹೇಳ್ರಿ" ಅಂದ.

ಹೇಳಿದೆ. ಬೆಲ್ಲದ ಹೆಂಟೆಯಿಂದ ಹಿಡಿದು, ಬನಿಯನ್, ಟಾವೆಲ್ಲು, ಪಟ್ಟಿಯ ಹನ್ನೆರಡನೆಯ ಹೆಸರು, ಎಲ್ಲ ಹೇಳಿದೆ. ಆಡಿದವನು ಅವನು, ನಾನಲ್ಲ ಅಂದೆ. ಮುಗಿಸಿ ತಲೆ ತಗ್ಗಿಸಿ ಕೂತೆ. ಯಾರಾದರೂ ಎದ್ದು ಬೈಯಲಿ, ಉಗಿಯಲಿ ಎಂದು ಕಾದೆ.

ಗುರಪ್ಪ ಕಾಕಾನ ಕಣ್ಣು ತುಂಬಿತ್ತು. ಎದ್ದು ನನ್ನ ಕೈ ಹಿಡಿದ. "ಎಂಥಾ ಮನಸು ರೀ ನಿಮ್ಮದು" ಅಂದ. "ಸತ್ತವನಿಗೆ ಮಂದಿ ಹೂವು ಕೊಡ್ತಾರ. ನೀವು ನಿಮ್ಮ ಆಟಾನೇ ಕೊಟ್ರಿ." ಸುತ್ತಲಿದ್ದವರು ಹೌದ್ರಿ ಹೌದ್ರಿ ಎಂದು ತಲೆದೂಗಿದರು. ಖರೇ ಹೇಳಾಕತ್ತೇನಿ ಕಾಕಾ ಅಂದೆ. "ಗೊತ್ತದ ರೀ, ಗೊತ್ತದ" ಎಂದು ಬೆನ್ನು ಸವರಿದ. ಇಷ್ಟು ವರ್ಷ ಸುಳ್ಳು ಹೇಳಿ ಗಳಿಸಿದ ಮರ್ಯಾದೆ ಒಂದು ಪಾಲಾದರೆ, ಆ ಒಂದು ದಿನ ಸತ್ಯ ಹೇಳಿ ಎರಡು ಪಾಲು ಗಳಿಸಿದೆ.

ನಂಬಿದವಳು ಅವನ ಮಗಳೊಬ್ಬಳೇ. ಹೊಸ್ತಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದವಳು ಅಪ್ಪನ ಸುದ್ದಿ ತಿಳಿದು ಬಂದಿದ್ದಳು. ನಾನು ಮೋಟರ್ ಸೈಕಲ್ ಹತ್ತುವಾಗ ಹಿಂದೆಯೇ ಬಂದಳು.

"ಯಾವ ಬಟ್ಟು ಗೆರಿ ಮುಟ್ಟಿದ್ದು?" ಎಂದು ಕೈಬೆರಳು ಚಾಚಿ ಕೇಳಿದಳು.

"ಎಡಗೈದು. ಸಣ್ಣ ಬಟ್ಟು."

"ಅಪ್ಪನೂ ಹಂಗೇ ಹೇಳಿದ್ದ" ಅಂದಳು. ಅತ್ತಿರಲಿಲ್ಲ. "ನೀವು ಅವತ್ತು ನಗಿ ಮಾಡಿದ್ರಲ್ಲ, ಮನಿಗೆ ಹೋಗಿ ಕೇಳಿದೆ. ನನ್ನ ಮುಂದ ಯಾಕ ಸುಳ್ಳು ಹೇಳಿದಿ ಅಂತ. 'ಸರ್ರು ಹೇಳಿದ್ದೇ ಖರೇ ಬೇ' ಅಂದ. ಅವತ್ತಿಂದ ನನ್ನ ಮುಂದ ಒಂದು ಆಟದ ಮಾತೂ ಆಡಲಿಲ್ಲ. ನಾನೂ ಕೇಳಲಿಲ್ಲ. ಆರು ವರ್ಷ ನಮ್ಮಪ್ಪ ಸುಳ್ಳ ಅಂತ ತಿಳಕೊಂಡೀನ್ರಿ."

ತಪ್ಪಾಯ್ತು ಅಂದೆನೋ ಇಲ್ಲವೋ ನೆನಪಿಲ್ಲ. ಅಂದಿದ್ದರೂ ಅದು ಸಾಲುತ್ತಿರಲಿಲ್ಲ.

"ಇಲ್ಲಿ ನಾಕು ಮಂದಿ ಮುಂದ ಹೇಳಿದ್ರ ಏನು ಬಂತ್ರಿ?" ಅಂದಳು. "ನಿಮ್ಮ ಹೆಸರು ಕೂಗಿದ್ದು ಮೈಕಿನಾಗ. ಅಪ್ಪನ ಹೆಸರೂ ಅಲ್ಲೇ, ಮೈಕಿನಾಗೇ ಹೇಳ್ರಿ."

ಹೇಳುತ್ತೇನೆ ಅಂದೆ. ಮಾತು ಕೊಟ್ಟೆ.

ಈ ವರ್ಷ ಆಳಂದದಲ್ಲಿ ಪಂದ್ಯಾವಳಿ ನಡೆಯಿತು. ಅದೇ ಬಯಲು. ಈಗ ಹೆಣ್ಣುಮಕ್ಕಳ ತಂಡಗಳೂ ಆಡುತ್ತವೆ. ನನ್ನನ್ನು ಅತಿಥಿಯಾಗಿ ಕರೆದಿದ್ದರು. ಗುರಪ್ಪ ಕಾಕಾ ಜೊತೆಗೆ ಬಂದಿದ್ದ. ಮೈಕಿನವನು ನನ್ನ ಪರಿಚಯ ಮಾಡಿಕೊಡುತ್ತ ಆ ರೇಡ್ ಎತ್ತಿದ, ಜನ ಚಪ್ಪಾಳೆ ಹೊಡೆದರು, ಹಾರ ಹಾಕಿದರು. ಮೈಕು ನನ್ನ ಕೈಗೆ ಬಂತು. ಮಾತು ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ, ಅಂಗಿಯ ಜೇಬಿನಲ್ಲಿತ್ತು. ವೇದಿಕೆಯ ಮೇಲೆ ಇಲಾಖೆಯ ಅಧಿಕಾರಿಗಳಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿದೆ ಎಂಬುದು ಅದೇ ಗಳಿಗೆಯಲ್ಲಿ ನೆನಪಾಯಿತು. ಆಟ ಮುಖ್ಯ, ಸೋಲು ಗೆಲುವು ಮುಖ್ಯವಲ್ಲ ಎಂದು ಎರಡು ಮಾತು ಹೇಳಿ ಕೂತೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನ ಮಾನ ಅಡಿಕೆಯಷ್ಟು ಬೆಲೆಗೂ ಹೋಗಲಿಲ್ಲ.

ಎರಡನೆಯ ಪಂದ್ಯಕ್ಕೆ ಅವನ ಮಗಳ ತಂಡ ಅಂಕಣಕ್ಕೆ ಇಳಿಯಿತು. ಈಗಿನವರ ಅಂಗಿಯ ಬೆನ್ನಿಗೆ ಅವರವರ ಹೆಸರು ಬರೆದಿರುತ್ತದೆ. ಅವಳ ಬೆನ್ನಿಗೆ ಅವಳ ಹೆಸರಿರಲಿಲ್ಲ, ಅವಳಪ್ಪನ ಹೆಸರಿತ್ತು. ಅವಳು ಮೊದಲ ರೇಡಿಗೆ ಹೋದಾಗ ಮೈಕಿನವನು ಬೆನ್ನು ನೋಡಿ ಓದಿದ, ಗಂಡಸಿನ ಹೆಸರೆಂದು ಒಂದು ಕ್ಷಣ ತಡೆದು ನಕ್ಕ, ಆಮೇಲೆ ಅದನ್ನೇ ಕೂಗತೊಡಗಿದ. ಅವಳು ಮುಟ್ಟಿ ಬಂದಳು. ಮತ್ತೆ ಕೂಗಿದ. ಇನ್ನೊಂದು ರೇಡ್, ಇನ್ನೊಮ್ಮೆ ಅದೇ ಹೆಸರು. ಬಯಲು ತುಂಬ ಜನ ಅದನ್ನು ತಿರುಗಿಸಿ ಕೂಗಿದರು. ಅವಳು ಒಮ್ಮೆಯೂ ವೇದಿಕೆಯ ಕಡೆ ನೋಡಲಿಲ್ಲ.

ಆ ಹೆಸರನ್ನು ನಾನು ಇಲ್ಲಿ ಬರೆದಿಲ್ಲ. ಕಾಗದದಲ್ಲಿ ಬರೆಯುವುದು ಸುಲಭ, ನನ್ನ ಜೇಬಿನಲ್ಲೂ ಬರೆದೇ ಇತ್ತು. ಅವಳು ಕೇಳಿದ್ದು ಮೈಕಿನಲ್ಲಿ. ಅಲ್ಲಿ ಹೇಳಲಾರದವನಿಗೆ ಇಲ್ಲಿ ಬರೆಯುವ ಹಕ್ಕಿಲ್ಲ.

ಹಾರ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಟಾವೆಲ್ ಇರಲಿಲ್ಲ. ಗುರಪ್ಪ ಕಾಕಾ ಪಕ್ಕದವರ ಕಡೆ ಬಾಗಿ, ಎಲ್ಲರಿಗೂ ಕೇಳುವಂತೆ ಹೇಳಿದ:

"ಸರ್ರಿಗೆ ತಮ್ಮ ಆಟ ನೆನಪಾಗ್ಯದ."

ನಾನು ಆಗಲೂ ಅಲ್ಲ ಅನ್ನಲಿಲ್ಲ.